ದಕ್ಷಿಣದ ಕೋಟೆಗೆ ಮೇಷ್ಟ್ರ ಸಾರಥ್ಯ

ಮೇಷ್ಟ್ರಿಗೆ ಸಿಟ್ಟು ಬಂದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಊರಿಗೆಲ್ಲ ಕಾರು ಕಲಿಸುವ ಮನುಷ್ಯನ ಸ್ವಂತ ಮಗಳು, ಕಾರು ಕಲಿಯಲು ಪಕ್ಕದ ಬೀದಿಯ ಪ್ರತಿಸ್ಪರ್ಧಿಯ ಸ್ಕೂಲಿಗೆ ಹೋಗಬೇಕೆಂದು ಅತ್ತೆ ತೀರ್ಪು ಕೊಟ್ಟುಬಿಟ್ಟಿದ್ದರು. (ಮೇಷ್ಟ್ರು ಎಂದ ಕೂಡಲೇ ಕರಿಹಲಗೆ, ಬೆತ್ತ ಎಂದುಕೊಳ್ಳಬೇಡಿ. ಇವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಇವರ ಶಿಷ್ಯರು ಫೇಲಾದರೆ ಗೋಡೆಗೆ ಗುದ್ದುತ್ತಾರೆ, ಅಷ್ಟೇ ವ್ಯತ್ಯಾಸ.) ಬಟ್ಟೆ ಅಂಗಡಿಯವನ ಮನೆಯವರು ಪಕ್ಕದಂಗಡಿಯಲ್ಲಿ ಬಟ್ಟೆ ಕೊಂಡರೆ ಏನಾಗುತ್ತದೋ, ಇಲ್ಲೂ ಅದೇ ಆಗುವುದಿತ್ತು. ನಾಳೆಯಿಂದ ಯಾರು ತಾನೇ ಮೇಷ್ಟ್ರ ಹತ್ತಿರ ಬಂದಾರು?

“ಅಲ್ಲ ಅತ್ತೆ, ನಾನೇ ಇದ್ದೀನಲ್ಲ ಮನೇಲಿ!”

“ಅದಕ್ಕೇ ಹೇಳ್ತಿರೋದು ಅಳಿಯಂದ್ರೇ. ನೀವು ಸ್ಟೇರಿಂಗ್ ಹಿಡಿದಿದ್ದನ್ನ ನಾನಂತೂ ಕಣ್ಣಾರೆ ಕಂಡಿಲ್ಲ. ಯಾವಾಗ ನೋಡಿದ್ರೂ ಪಕ್ಕದ ಸೀಟಲ್ಲಿ ಕೂತು ಕೂಗಾಡ್ತಿರ್ತೀರಿ. ಕೂಗಾಡೋದು ನನಗೂ ಬರತ್ತೆ.”

ಈ ಮಾತು ಮೇಷ್ಟ್ರ ಎದೆಗೆ ನಾಟಿತು. ಅತ್ತೆಗೆ ಚಿಕ್ಕಂದಿನಿಂದಲೂ ದಕ್ಷಿಣದ ಹಳೇ ರಾಜಧಾನಿಯನ್ನು ನೋಡುವ ಆಸೆ. ಕೋಟೆ, ಕಂದಕ, ಅರಮನೆ, ಬಾಯಿ ತೆರೆದು ಕೂತ ಫಿರಂಗಿಗಳು, ಎಲ್ಲವೂ ಪಾಠಪುಸ್ತಕದ ಚಿತ್ರದಿಂದ ಅವರ ತಲೆಯಲ್ಲಿ ಕೂತುಬಿಟ್ಟಿದ್ದವು. ಮೇಷ್ಟ್ರು ಅಲ್ಲೇ ಒಪ್ಪಂದ ಮಾಡಿಕೊಂಡರು. ಭಾನುವಾರ ಮನೆಮಂದಿಯನ್ನೆಲ್ಲ ತಾವೇ ಅಲ್ಲಿಗೆ ಕರೆದುಕೊಂಡು ಹೋಗುವುದು; ದಾರಿಯಲ್ಲಿ ಗಾಡಿ ಒಂದು ಸಲವೂ ಜರ್ಕ್ ಹೊಡೆಯದಿದ್ದರೆ ಮಗಳು ಅಪ್ಪನ ಹತ್ತಿರವೇ ಕಲಿಯುವುದು; ಹೊಡೆದರೆ ಸೋಮವಾರವೇ ಪಕ್ಕದ ಬೀದಿ. “ಅತ್ತೆ, ಕಾಫಿ ತುಂಬಿದ ಲೋಟ ಕೈಯಲ್ಲಿ ಹಿಡ್ಕೊಂಡು ಕೂತ್ಕೊಳ್ಳಿ. ಒಂದು ಹನಿ ತುಳುಕಿದ್ರೆ ಕೇಳಿ,” ಎಂದು ಮೇಲೊಂದು ಬಡಾಯಿಯನ್ನೂ ಕೊಚ್ಚಿದರು.

ಮನೆಗೆ ಇದ್ದದ್ದು ಸ್ಕೂಲಿನ ಕಾರೊಂದೇ. ತಲೆಯ ಮೇಲೆ ಸ್ಕೂಲಿನ ಬೋರ್ಡು, ಹಿಂದೆ ಮುಂದೆ ಕೆಂಪಕ್ಷರದ ‘ಎಲ್’. ಹಿಂದಿನ ಸೀಟಿನಲ್ಲಿ ಮಡಿಲ ಮೇಲೆ ಊಟದ ಬುಟ್ಟಿ ಇಟ್ಟುಕೊಂಡ ಹೆಂಡತಿ ಮತ್ತು ಫೋನಿನಲ್ಲಿ ಮುಳುಗಿದ ಮಗಳು ಕೂತರು. ಅತ್ತೆಗೆ ಮಂಡಿನೋವು, ಹಿಂದೆ ಕಾಲು ಮಡಿಸಲಾಗದು. ಆದ್ದರಿಂದ ಮುಂದೆ, ಮೇಷ್ಟ್ರ ಪಕ್ಕದಲ್ಲಿ ವಿರಾಜಮಾನರಾದರು. ಮೇಷ್ಟ್ರು ಕನ್ನಡಿ ಸರಿಮಾಡಿ, ಬೆಲ್ಟು ಬಿಗಿದು, ದಿಗ್ವಿಜಯಕ್ಕೆ ಹೊರಟ ದೊರೆಯಂತೆ ಗಾಡಿ ಚಾಲೂ ಮಾಡಿದರು.

ಊರು ದಾಟುವವರೆಗೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಹೆದ್ದಾರಿಗೆ ಬಂದಾಗ ಹಿಂದಿನಿಂದ ಲಾರಿಯೊಂದು ಭೋರ್ ಎಂದು ಹಾರ್ನ್ ಹೊಡೆದು ಪಕ್ಕದಲ್ಲೇ ಹಾದುಹೋಯಿತು.

“ಅಯ್ಯಯ್ಯೋ!” ಎಂದು ಅತ್ತೆ ಚೀರಿದರು.

ಗಾಡಿ ಗಕ್ಕನೆ ನಿಂತಿತು. ಇಂಜಿನ್ ಆಫ್ ಆಯಿತು. ಊಟದ ಬುಟ್ಟಿ ಮೇಷ್ಟ್ರ ಬೆನ್ನಿಗೆ ಬಂದು ಬಡಿಯಿತು, ಮಗಳ ಫೋನು ಸೀಟಿನಡಿ ಸೇರಿತು. ಅತ್ತೆಯ ಕೈಯಲ್ಲಿದ್ದ ಲೋಟದ ಕಾಫಿ (ಹೌದು, ಅವರು ಬಡಾಯಿಯನ್ನು ನಿಜವೆಂದೇ ನಂಬಿದ್ದರು) ಡ್ಯಾಶ್‌ಬೋರ್ಡಿಗೆ ಅಭಿಷೇಕವಾಯಿತು.

“ರೀ, ಏನ್ರೀ ಇದು?” ಎಂದರು ಹೆಂಡತಿ.

“ನಾನೇನೂ ಮಾಡ್ಲಿಲ್ಲ ಕಣೇ!”

“ಗಾಡಿ ನೀವೇ ತಾನೇ ಓಡಿಸ್ತಿರೋದು?”

ಮೇಷ್ಟ್ರು ಗಡಿಬಿಡಿಯಲ್ಲಿ ಮತ್ತೆ ಕೀಲಿ ತಿರುಗಿಸಿದರು. ನಡುರಸ್ತೆಯಲ್ಲಿ ಇಂಜಿನ್ ಆಫ್ ಮಾಡಿಕೊಳ್ಳುವುದು ಮೊದಲ ದಿನದ ಶಿಷ್ಯರು ಮಾಡುವ ಕೆಲಸ. ಅಂಥವರಿಗೆ ಅವರು ಬಾಯಿಗೆ ಬಂದಂತೆ ಬೈದಿದ್ದುಂಟು. ಅತ್ತೆ ಮಾತ್ರ ಸೆರಗಿನಿಂದ ಕಾಫಿ ಒರೆಸುತ್ತಾ, “ಇರಲಿ ಬಿಡಿ, ಇದನ್ನ ಲೆಕ್ಕಕ್ಕೆ ಹಿಡಿಯಲ್ಲ,” ಎಂದು ದೊಡ್ಡ ಮನಸ್ಸು ಮಾಡಿದರು. ಆ ದೊಡ್ಡ ಮನಸ್ಸು ಮೇಷ್ಟ್ರಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಆಮೇಲೆ ದೂರದಲ್ಲಿ, ಹುಣಸೆಬೀಜದಷ್ಟು ಕಾಣುತ್ತಿದ್ದ ನಾಯಿಯೊಂದು ರಸ್ತೆ ದಾಟಿತು. “ನಾಯಿ! ನಾಯಿ!” ಎಂದರು ಅತ್ತೆ, ಗಾಡಿ ಗಕ್ ಎಂದಿತು. ಸೇತುವೆ ಬಂತು, ಗಕ್. ತಿರುವು ಬಂತು, ಗಕ್. ಕೊನೆಗೆ ಅತ್ತೆ ತೂಕಡಿಸಿ ಗೊರಕೆ ಹೊಡೆಯುತ್ತಿದ್ದಾಗ, ಅಪ್ಪಾ ಇನ್ನು ನೆಮ್ಮದಿ ಎಂದು ಮೇಷ್ಟ್ರು ವೇಗ ಹೆಚ್ಚಿಸಿದರು. ಅತ್ತೆ ಕನಸಿನಲ್ಲಿ ಯಾರನ್ನೋ ಬೈದು, ಕಾಲು ಚಾಚಿ ಮೈಮುರಿದರು. ಮುಂದೆ ಲಾರಿಯಿಲ್ಲ, ನಾಯಿಯಿಲ್ಲ, ಒಂದು ನೊಣವೂ ಇಲ್ಲ. ಖಾಲಿ ರಸ್ತೆಯ ನಟ್ಟನಡುವೆ ಗಾಡಿ ಬಂಡೆಯಂತೆ ನಿಂತಿತು.

ಮೇಷ್ಟ್ರು ಬೆವೆತುಹೋದರು. ದಾರಿಬದಿಯ ಗ್ಯಾರೇಜಿಗೆ ಗಾಡಿ ತಿರುಗಿಸಿದರು. ಎಲ್ಲರೂ ಇಳಿದು ಮರದ ನೆರಳಲ್ಲಿ ನಿಂತರು. ಮೆಕ್ಯಾನಿಕ್ ಒಬ್ಬನೇ ಗಾಡಿ ಹತ್ತಿ, ಆ ತುದಿಯಿಂದ ಈ ತುದಿಗೆ ಓಡಿಸಿಕೊಂಡು ಬಂದ.

“ಗಾಡೀಲಿ ಏನೂ ತೊಂದ್ರೆ ಇಲ್ಲ ಸಾರ್. ಹೂವಿನ ಹಾಗೆ ಹೋಗತ್ತೆ.”

“ಸರಿಯಾಗಿ ನೋಡಪ್ಪಾ, ತಾನಾಗೇ ಬ್ರೇಕ್ ಹಿಡ್ಕೊಳ್ತಿದೆ.”

ಮೆಕ್ಯಾನಿಕ್ ಒಮ್ಮೆ ಮೇಷ್ಟ್ರ ಮುಖ, ಒಮ್ಮೆ ‘ಎಲ್’ ಬೋರ್ಡು ನೋಡಿದ. “ಶುರುವಿನಲ್ಲಿ ಎಲ್ಲರಿಗೂ ಹಾಗೇ ಆಗತ್ತೆ ಸಾರ್, ಬೇಜಾರ್ ಮಾಡ್ಕೋಬೇಡಿ,” ಎಂದು ಸಮಾಧಾನ ಹೇಳಿದ.

ಅತ್ತೆ ಕೆಮ್ಮಿದರು. ಆ ಕೆಮ್ಮಿನಲ್ಲಿ ಕೆಮ್ಮು ಕಡಿಮೆ, ಸೋಮವಾರ ಹೆಚ್ಚಾಗಿತ್ತು.

ಅಲ್ಲಿಂದ ಮುಂದೆ ಮೇಷ್ಟ್ರಿಗೆ ತಮ್ಮ ಬಲಗಾಲಿನ ಮೇಲೇ ಗುಮಾನಿ ಶುರುವಾಯಿತು. ಇಷ್ಟು ವರ್ಷ ಹೇಳಿದ ಮಾತು ಕೇಳಿಕೊಂಡಿದ್ದ ಕಾಲು, ಅತ್ತೆಯ ಕಡೆ ಸೇರಿಕೊಂಡಿತೇ? ತಮಗೆ ಗೊತ್ತಿಲ್ಲದೆ ಬ್ರೇಕ್ ಒತ್ತುತ್ತಿದೆಯೇ? ರಸ್ತೆಯನ್ನು ಅರೆಗಣ್ಣಿನಿಂದ, ಕಾಲನ್ನು ಒಂದೂವರೆ ಕಣ್ಣಿನಿಂದ ನೋಡುತ್ತಾ ಗಾಡಿ ಓಡಿಸಿದರು. ಪಾಪ, ನಿಜವಾಗಿಯೂ ಹೆದರಿದ್ದರು. ಕಾಲೇ ಕೈಕೊಟ್ಟರೆ ಅವರಿಗೆ ಬೇರೆ ಯಾವ ಕಸುಬೂ ಬರುತ್ತಿರಲಿಲ್ಲ.

ಹಾಗೂ ಹೀಗೂ ಹಳೇ ರಾಜಧಾನಿ ಬಂತು. ಕಂದಕದ ಮೇಲಿನ ಸೇತುವೆ, ಅದರಾಚೆ ಆಕಾಶಕ್ಕೆ ಎದ್ದು ನಿಂತ ಕೋಟೆಬಾಗಿಲು, ಅದರ ನೆತ್ತಿಯಲ್ಲಿ ಎರಡು ಕಲ್ಲಿನ ಸಿಂಹ. ಮೇಷ್ಟ್ರಿಗೆ ಜೀವ ಬಂದ ಹಾಗಾಯಿತು. ಹೋದ ಮಾನವನ್ನು ಸ್ವಲ್ಪವಾದರೂ ವಾಪಸು ತರೋಣವೆಂದು, “ಅತ್ತೆ, ಮೇಲೆ ನೋಡಿ! ಆ ಎಡಗಡೆ ಸಿಂಹದ ಬಾಲ ನೋಡಿದ್ರಾ? ಯುದ್ಧದಲ್ಲಿ ಗುಂಡು ತಗುಲಿ ಮುರಿದಿದ್ದಂತೆ,” ಎಂದು ತಾವೂ ಕತ್ತೆತ್ತಿದರು.

“ಮಕ್ಕಳು!” ಎಂದು ಅತ್ತೆ ಕಿರುಚಿದರು.

ಗಾಡಿ ಹಿಂದೆಂದೂ ನಿಲ್ಲದ ಹಾಗೆ ನಿಂತಿತು. ಕಮಾನಿನ ಕತ್ತಲಿನಿಂದ ಒಬ್ಬರ ಹೆಗಲು ಒಬ್ಬರು ಹಿಡಿದು ಸಾಲಾಗಿ ಹೊರಬರುತ್ತಿದ್ದ ಶಾಲೆಮಕ್ಕಳು, ಬಾನೆಟ್ಟಿನಿಂದ ಒಂದು ಗೇಣು ದೂರದಲ್ಲಿ ಕಣ್ಣರಳಿಸಿ ನಿಂತಿದ್ದರು. ಹೆಂಡತಿ ಎದೆ ಹಿಡಿದುಕೊಂಡರು. ಯಾರಿಗೂ ಏನೂ ಆಗಿರಲಿಲ್ಲ. ಮಕ್ಕಳು ಟಾಟಾ ಮಾಡಿ ಮುಂದೆ ಹೋದರು.

ಬಾಗಿಲ ಬಳಿ ನಿಂತಿದ್ದ ಪೊಲೀಸು ಸೀಟಿ ಊದುತ್ತಾ ಓಡಿಬಂದ. ಬಂದವನು ಮೇಷ್ಟ್ರ ಕಡೆಗಲ್ಲ, ಅತ್ತೆಯ ಕಿಟಕಿಗೆ ಹೋಗಿ, ಒಳಗೆ ಬಗ್ಗಿ ನೋಡಿ ಸೆಲ್ಯೂಟ್ ಹೊಡೆದ.

“ಟೀಚರಮ್ಮಾ, ನಿಮ್ಮ ಕಾಲಿಗೊಂದು ನಮಸ್ಕಾರ! ನೀವು ಆ ಬ್ರೇಕ್ ಒತ್ತದೇ ಇದ್ದಿದ್ರೆ ಇವತ್ತು ಏನಾಗ್ತಿತ್ತೋ!”

“ಯಾವ ಬ್ರೇಕಪ್ಪಾ?”

“ಅದೇ, ನಿಮ್ಮ ಕಾಲಡಿ ಇದೆಯಲ್ಲ.”

ಗಾಡಿಯೊಳಗಿನ ನಾಲ್ಕೂ ತಲೆಗಳು ಒಟ್ಟಿಗೆ ಬಗ್ಗಿದವು. ಅತ್ತೆಯ ಚಪ್ಪಲಿಯ ಕೆಳಗೆ, ಡ್ರೈವಿಂಗ್ ಸ್ಕೂಲಿನ ಎಲ್ಲ ಕಾರುಗಳಲ್ಲೂ ಕಲಿಸುವವರಿಗೆಂದು ಇರುವ ಎರಡನೇ ಬ್ರೇಕು ಮುಸಿಮುಸಿ ನಗುತ್ತಿತ್ತು.

“ಅಯ್ಯೋ, ಇದಾ? ಕಾಲಿಡೋಕೆ ಮಣೆ ಅಂದ್ಕೊಂಡಿದ್ದೆ. ಭಯ ಆದಾಗೆಲ್ಲ ಗಟ್ಟಿಯಾಗಿ ಒತ್ಕೊಂಡು ಕೂತಿದ್ದೆ,” ಎಂದರು ಅತ್ತೆ.

(ದಿನಾ ತಾವೇ ತುಳಿಯುವ ಬ್ರೇಕನ್ನು ಮೇಷ್ಟ್ರು ಮರೆತದ್ದು ಹೇಗೆ ಎಂದು ನೀವು ಕೇಳುತ್ತೀರಿ. ಆ ಸೀಟಿನಲ್ಲಿ ಅವರಲ್ಲದೆ ಇನ್ನೊಬ್ಬರು ಕೂತದ್ದೇ ಇಲ್ಲ. ಅದು ಗುರುಪೀಠ. ತಮ್ಮ ಕಾಲಿಲ್ಲದ ಕಡೆ ಬ್ರೇಕು ಕೆಲಸ ಮಾಡೀತೆಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ.)

ಮೇಷ್ಟ್ರಿಗೆ ಆದ ಆನಂದ ಹೇಳತೀರದು. ಗಲ್ಲುಶಿಕ್ಷೆ ರದ್ದಾದವರ ಹಾಗೆ ಗಾಡಿಯಿಂದ ಇಳಿದೇಬಿಟ್ಟರು. “ಕೇಳಿದ್ರಾ ಸಾರ್! ಬೆಳಗ್ಗೆಯಿಂದ ಬ್ರೇಕ್ ಹಾಕ್ತಿದ್ದೋರು ಇವ್ರು! ನನ್ನ ಕಾಲಲ್ಲ! ಈಗಲೂ ನನ್ನ ಕಾಲಲ್ಲ!”

“ಅದನ್ನೇ ನಾನೂ ಕೇಳ್ತಿರೋದು,” ಎಂದ ಪೊಲೀಸು. “ನಿಮ್ಮ ಕಾಲು ಎಲ್ಲಿತ್ತು?”

ಮೇಷ್ಟ್ರ ಕಾಲು ಆಕ್ಸಿಲರೇಟರಿನ ಮೇಲಿತ್ತು.

“ಈ ಬೋರ್ಡಲ್ಲಿರೋ ಸ್ಕೂಲು ಯಾರದ್ದು?” ಎಂದು ಪೊಲೀಸು ಮುಂದುವರಿಸಿದ.

ನಮ್ಮದೇ ಎಂದರೆ ಸಿಂಹದ ಬಾಲ ನೋಡುತ್ತಾ ಮಕ್ಕಳ ಮೇಲೆ ಗಾಡಿ ಹತ್ತಿಸಹೊರಟ ಗುರುವಾಗಬೇಕು. ಮೇಷ್ಟ್ರು ಅತ್ತೆಯ ಕಡೆ ನೋಡಿದರು. ಅತ್ತೆ ಗಂಭೀರವಾಗಿ ಮುಂದೆ ನೋಡುತ್ತಾ ಕೂತಿದ್ದರು.

“ಇವರದ್ದೇ ಸಾರ್. ನಾನು... ಕಲೀತಾ ಇದ್ದೀನಿ,” ಎಂದರು ಮೇಷ್ಟ್ರು.

“ಈ ವಯಸ್ಸಲ್ಲಿ ಕಲಿಯೋಕೆ ಮನಸ್ಸು ಮಾಡಿದ್ದೀರಲ್ಲ, ಸಂತೋಷ. ಒಳ್ಳೆ ಗುರು ಸಿಕ್ಕಿದಾರೆ, ಹೇಳಿದ ಹಾಗೆ ಕೇಳಿ.”

ಅರಮನೆ, ಫಿರಂಗಿ, ದೊರೆಯ ಮಂಚ ಎಲ್ಲವನ್ನೂ ನೋಡಿದ್ದಾಯಿತು. ಅತ್ತೆಗೆ ಯಾವುದರ ಮೇಲೂ ಗಮನವಿರಲಿಲ್ಲ. ಸಿಂಹಾಸನದ ಎದುರು ನಿಂತು ತೀರ್ಪು ಹೇಳಿದರು: “ಪಕ್ಕದ ಬೀದಿ ಬೇಡ ಅಳಿಯಂದ್ರೇ. ಹುಡುಗಿ ನಮ್ಮ ಗಾಡೀಲೇ ಕಲೀಲಿ. ನಾನು ಮುಂದೆ ಕೂತ್ಕೋತೀನಿ, ನೀವು ಹಿಂದಿನಿಂದ ಕೂಗಾಡಿ.”

ಮಗಳು ಅಜ್ಜಿಯನ್ನು ತಬ್ಬಿಕೊಂಡಳು. ಮೇಷ್ಟ್ರು ದಿಕ್ಕೆಟ್ಟು ಹೆಂಡತಿಯ ಕಡೆ ತಿರುಗಿದರು.

“ರೀ,” ಎಂದರು ಅವರು, ತಗ್ಗಿದ ದನಿಯಲ್ಲಿ. “ಇಷ್ಟು ವರ್ಷ ಸಂಸಾರ ಮಾಡಿದ್ದೀನಿ. ನಿಮಗೆ ಹಾಕೋಕೆ ಇನ್ನೊಂದು ಬ್ರೇಕ್ ಇದೆ ಅಂತ ಒಂದು ದಿನವಾದ್ರೂ ಬಾಯಿ ಬಿಟ್ರಾ?”

ವಾಪಸು ಹೊರಟಾಗ, ಅಮ್ಮನನ್ನು ಹೇಗೋ ಒಪ್ಪಿಸಿ ಹಿಂದೆ ಕಾಲುನೀಡಿ ಕೂರಿಸಿ, ಹೆಂಡತಿ ಮುಂದೆ ಬಂದು ಕೂತರು. ಮೇಷ್ಟ್ರು ಗಾಡಿ ಚಾಲೂ ಮಾಡಿ, “ಅಲ್ಲ ಕಣೇ, ನಿಮ್ಮಮ್ಮನಿಗೆ...” ಎಂದು ಬಾಯಿ ತೆರೆದರು. ಗಾಡಿ ಗಕ್ಕನೆ ನಿಂತಿತು. ಮತ್ತೆ ಹೊರಡಿಸಿ, “ನಾನು ಹೇಳಿದ್ದು ಏನಂದ್ರೆ...” ಎಂದರು. ಮತ್ತೆ ಗಕ್. ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದರು.

ಆಮೇಲೆ ಊರು ಮುಟ್ಟುವವರೆಗೆ ಮೇಷ್ಟ್ರು ತುಟಿ ಪಿಟಕ್ಕೆನ್ನಲಿಲ್ಲ. ಗಾಡಿ ಒಂದೇ ಒಂದು ಸಲವೂ ಜರ್ಕ್ ಹೊಡೆಯಲಿಲ್ಲ.