ಕ್ಯಾಮರಾ ಹಿಂದೆ ಸರಿಯುತ್ತದೆ

ಯೋಗೀಶನಿಗೆ ಕತೆ ಮುಗಿಸಲು ಬರುತ್ತಿರಲಿಲ್ಲ. ಎರಡು ವರ್ಷದಲ್ಲಿ ಒಂದು ಚಿತ್ರಕಥೆಯ ನಲವತ್ತೊಂದು ದೃಶ್ಯ ಬರೆದಿದ್ದ. ನಲವತ್ತೊಂದನೆಯದರಲ್ಲಿ ಹುಡುಗಿ ಹಿಂದೂಪುರದ ಬಸ್ಸು ಹತ್ತುತ್ತಾಳೆ, ಹುಡುಗ ಮೆಟ್ಟಿಲ ಮೇಲೆ ಒಂದು ಕಾಲಿಡುತ್ತಾನೆ. ಇನ್ನೊಂದು ಕಾಲನ್ನು ಏನು ಮಾಡಬೇಕೆಂದು ತಿಳಿಯದೆ ನೋಟ್‌ಬುಕ್ಕು ಅಲ್ಲೇ ನಿಂತಿತ್ತು. ಅವನು ಮೆಚ್ಚಿದ್ದ ಲಾವಣ್ಯ ನರ್ಸಿಂಗ್ ಓದಲು ಹಿಂದೂಪುರಕ್ಕೆ ಹೊರಟ ದಿನ ಕೊಡಿಗೇನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅವನ ಕಾಲೂ ಹಾಗೇ ನಿಂತಿತ್ತು. "ಬರೆದು ಮುಗಿಸಿದ ದಿನ ತಂದು ತೋರ್ಸು," ಅಂದು ಅವಳು ಕಿಟಕಿ ಪಕ್ಕ ಕೂತಿದ್ದಳು.

ಅಚ್ಚಾದ ಚಿತ್ರಕಥೆಯೊಂದನ್ನು ಕೊನೆತನಕ ಓದಿದರೆ ಮುಗಿಸುವ ಗುಟ್ಟು ಸಿಕ್ಕೀತೆಂದು ಅವನ ನಂಬಿಕೆ. ಮಧುಗಿರಿಯ ಲೈಬ್ರರಿಯಲ್ಲಿ ಅಂಥದ್ದು ಒಂದೇ ಒಂದಿತ್ತು. ನೀಲಿ ಬೈಂಡು, ಮೊದಲ ಹಾಳೆಗಳು ಎಂದೋ ಹೋಗಿ ಹೆಸರಿಗೂ ಗತಿಯಿಲ್ಲ. ಅವನು ಮೂರು ವಾರ ಮೇಜಿನ ಎದುರು ನಿಂತ ಮೇಲೆ ಲೈಬ್ರರಿಯನ್ ಶಂಕರಲಿಂಗಪ್ಪ ಸೋತರು.

"ನಾಳೆ ಸಂಜೆ ಐದಕ್ಕೆ ವಾಪಸ್ ಇರಬೇಕು. ಇಲ್ದಿದ್ರೆ ಈ ಕಡೆ ತಲೆ ಹಾಕ್ಬೇಡ."

ಶನಿವಾರ ಬೀಜದ ಅಂಗಡಿಯ ಕೆಲಸಕ್ಕೆ ರಜೆ ಹಾಕಿದ. ಅಂಥ ಪುಸ್ತಕವನ್ನು ಎಣ್ಣೆಸ್ನಾನ ಮಾಡಿಯೇ ಮುಟ್ಟಬೇಕೆಂದು ಬಚ್ಚಲಿಗೆ ಹೋದ. ತಲೆ ಒರೆಸಿಕೊಂಡು ಬಂದರೆ ಪುಸ್ತಕವಿಲ್ಲ.

ಅವ್ವ ಕೆಂಪಕ್ಕ ರಾಗಿ ಕೇರುತ್ತಿದ್ದಳು. "ನಾಟಕದ ಮೇಷ್ಟ್ರು ಬಂದಿದ್ರು. ಮಾತುಕತೆ ಇರೋ ಪುಸ್ತಕ ಅಂದ್ರು, ಕೊಟ್ಬುಟ್ಟೆ ಕಣ್ಲಾ. ನಿಂಗೂ ಒಂದು ಪಾರ್ಟು ಕೊಡ್ತಾರಂತೆ. ಮೂಲೇಲಿ ಕೂತು ಗೀಚೋದು ಬುಟ್ಟು ನಾಕು ಜನದೆದುರು ಬಣ್ಣ ಹಚ್ಕೊ."

ಮೇಷ್ಟ್ರು ವೀರಭದ್ರಯ್ಯನ ಮನೆಯಲ್ಲಿ ಹಾರ್ಮೋನಿಯಂ ಮೇಲೆ ನೀಲಿ ರಟ್ಟು ಮಾತ್ರ ಇತ್ತು, ಸುಲಿದ ಬಾಳೆಹಣ್ಣಿನ ಸಿಪ್ಪೆಯಂತೆ.

"ಹಾಳೆ ಎಲ್ಲಿ ಮೇಷ್ಟ್ರೇ?"

"ಪಾರ್ಟು ಹಂಚಾಯ್ತು."

ಅವರ ಪದ್ಧತಿಯೇ ಅದು. ಪುಸ್ತಕ ಬಿಚ್ಚಿ, ಯಾರ ಮಾತು ಎಲ್ಲಿದೆಯೋ ಆ ಹಾಳೆ ಅವರಿಗೆ. ಇಡೀ ಪುಸ್ತಕ ಕೈಗೆ ಸಿಕ್ಕರೆ ಸೇವಕನ ಪಾರ್ಟಿನವನೂ ರಾಜನ ಪಾರ್ಟು ಕೇಳುತ್ತಾನೆ.

"ಹೆದರ್ಬ್ಯಾಡ ಕಣಪ್ಪ. ಹಿಂದೆ ಇಂಥದ್ದೇ ಒಂದು ಪುಸ್ತಕ ಹಿಂಗೇ ಹಂಚಿ ಆಡ್ಸಿದ್ದೆ. ಶುರುವಿಗೇ ರೈಲು. ಸ್ಟೇಜ್ ಮ್ಯಾಲೆ ರೈಲು ಎಲ್ಲಿಂದ ತರೋದು? ಎತ್ತಿನ ಗಾಡಿ ಮಾಡ್ದೊ. ಕೊನೇಲಿ ಮದುವೆ ಮಾಡಿಸ್ಬುಟ್ಟೊ. ಒಬ್ಬ ಎದ್ದು ಹೋಗ್ಲಿಲ್ಲ."

ಅರ್ಧ ಪುಸ್ತಕ ಹೋಟೆಲಿನ ಅಂಜಿನಮೂರ್ತಿಯ ಹತ್ತಿರವಿತ್ತು. ಅವನು ಬೋಂಡ ಬೇಯಿಸುತ್ತಾ ಹಾಳೆಗೆ ರಾಗ ಹಾಕುತ್ತಿದ್ದ. "ಪ್ರತಿ ಸೀನೂ 'ಒಳಾಂಗಣ, ಹಗಲು' ಅಂತ ಶುರುವಾಯ್ತದಲ್ಲ, ಇದು ಮಾತಾ, ಹಾಡಾ?"

"ಎರಡೂ ಅಲ್ಲ ಅಣ್ಣ, ಸೀನು ಎಲ್ಲಿ, ಯಾವಾಗ ಅನ್ನೋ ಗುರುತು. ವಾಪಸ್ ಕೊಡು."

"ಇಪ್ಪತ್ತು ವರ್ಷ ದ್ವಾರಪಾಲಕನಾಗಿ ಈಟಿ ಹಿಡ್ಕೊಂಡು ನಿಂತಿದ್ದೀನಿ ಕಣ್ಲಾ. ಇವತ್ತು ಹೀರೋ ಪಾರ್ಟು ಸಿಕ್ಕದೆ."

"ಮೇಷ್ಟ್ರು ಬೇರೆ ನಾಟಕ ತೆಗೆದ್ರೂ ನೀನೇ ಹೀರೋ. ನಾನು ಹೇಳ್ತೀನಿ."

"ಅಂಗಾರೆ ಈಟಿ ನೀನ್ ಹಿಡ್ಕೋಬೇಕು."

ಯೋಗೀಶ ಒಪ್ಪಿದ. ಹಾಳೆಗಳು ಕೈಗೆ ಬಂದವು, ಎಣ್ಣೆ ಕುಡಿದು ಕನ್ನಡಿಯಂತಾಗಿದ್ದವು.

ಉಳಿದರ್ಧ ಕಾಟಪ್ಪನ ಬಳಿ. ಕೆರೆಯಾಚೆಯ ಬೀಳಿನಲ್ಲಿ ಕುರಿಗಳ ನಡುವೆ ಅವನು ಹಾಳೆ ನೋಡುತ್ತಾ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದ.

"ಏನಣ್ಣ ಮಾಡ್ತಿದ್ದೀಯ?"

"ನಂದು ಕ್ಯಾಮರಾ ಪಾರ್ಟು. ಎಲ್ಲಾ ಸೀನ್ನಾಗೂ ಅವ್ನೆ, ಒಂದು ಮಾತೂ ಇಲ್ಲ. ಹತ್ರ ಬತ್ತಾನೆ, ನೋಡ್ತಾನೆ, ಹಿಂದಕ್ಕೆ ಸರೀತಾನೆ. ಬೋ ದುಃಖದ ಮನುಷ್ಯ ಕಣ್ಲಾ."

ಯೋಗೀಶನಿಗೆ ನಗು ಬರಲಿಲ್ಲ. ಹಾಳೆಗಳನ್ನು ಇಸಿದುಕೊಂಡು ಎಣಿಸಿದ. ಒಂದು ಕಡಿಮೆ. ಕಾಟಪ್ಪ ಕಪ್ಪು ಟಗರಿನ ಕಡೆ ನೋಡಿದ. ಟಗರು ಇನ್ನೂ ಅಗಿಯುತ್ತಿತ್ತು.

ಗೋಣಿ ಹೊಲಿಯುವ ದಬ್ಬಳದಲ್ಲಿ ಹಾಳೆಗಳನ್ನು ಮೇಷ್ಟ್ರ ಮನೆಯಿಂದ ತಂದ ರಟ್ಟಿಗೆ ಹೊಲಿದು ಮಧುಗಿರಿಯ ಬಸ್ಸು ಹಿಡಿದಾಗ ನಾಲ್ಕು ಗಂಟೆ. ನಿಂತೇ ಓದಿದ. ಕೊನೆಯ ಪುಟ ಬಂತು. ಹುಡುಗಿ ರೈಲು ಹತ್ತುತ್ತಾಳೆ. ಹುಡುಗ ಮೆಟ್ಟಿಲ ಮೇಲೆ ಒಂದು ಕಾಲಿಡುತ್ತಾನೆ. ಯೋಗೀಶ ಬೆರಳಿಟ್ಟು ಮುಂದಿನ ಸಾಲು ಓದಿದ. ಕ್ಯಾಮರಾ ನಿಧಾನವಾಗಿ ಹಿಂದೆ ಸರಿಯುತ್ತದೆ. ಕೆಳಗೆ ದಪ್ಪಕ್ಷರದಲ್ಲಿ: ವಿರಾಮ.

ಶಂಕರಲಿಂಗಪ್ಪ ಪುಸ್ತಕ ಮುಟ್ಟಲಿಲ್ಲ. ಹೊಲಿಗೆ ನೋಡಿದರು.

"ನೀನು ಕೊಡಿಗೇನಹಳ್ಳಿಯವನಾ?"

"ಹೌದು ಸಾರ್. ಸಾರ್, ಇದು ಇಂಟರ್ವಲ್‌ಗೇ ನಿಂತುಬಿಟ್ಟಿದೆ."

"ಇದು ಮೊದಲನೇ ಭಾಗ ಕಣಯ್ಯ. ಎರಡನೇದನ್ನ ಹನ್ನೆರಡು ವರ್ಷದ ಹಿಂದೆ ನಿಮ್ಮೂರಿನ ಹಾರ್ಮೋನಿಯಂ ಮೇಷ್ಟ್ರೊಬ್ಬ ತಗೊಂಡು ಹೋದ. ರಟ್ಟು ಮಾತ್ರ ತಂದುಕೊಟ್ಟ. ಕಾರ್ಡ್ ಇಲ್ಲಿಡು."

ಯೋಗೀಶ ಹೊರಗೆ ಬಂದು ಫೋನ್ ಮಾಡಿದ.

"ಮೇಷ್ಟ್ರೇ, ಆ ಹಳೇ ಪುಸ್ತಕದಲ್ಲಿ ಹುಡುಗ ರೈಲು ಹತ್ತಿದ್ನಾ?"

"ಯಾವ ರೈಲಪ್ಪ? ಗಾಡಿ ಮಾಡಿದ್ವಲ್ಲ."

"ಪುಸ್ತಕದಲ್ಲಿ ಏನಿತ್ತು?"

"ಅದ್ಯಾರಿಗೆ ನೆನಪದೆ. ಸೋಮವಾರ ಪ್ರಾಕ್ಟೀಸು, ಈಟಿ ಅಂಜಿನಮೂರ್ತಿ ಮನೇಲದೆ, ತಗೊಂಬಾ."

ಊರಿಗೆ ಹೋಗುವ ಬಸ್ಸು ಹಿಂದೂಪುರದ್ದೇ. ಯೋಗೀಶ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ.

"ಹತ್ತಯ್ಯ, ಇಲ್ಲಾ ಇಳಿ," ಅಂದ ಕಂಡಕ್ಟರ್. ಹತ್ತಿದ. "ಎಲ್ಲಿಗೆ?"

ಯೋಗೀಶ ಜೇಬಿನ ಚಿಲ್ಲರೆ ಎಣಿಸಿ, "ಕೊಡಿಗೇನಹಳ್ಳಿ," ಅಂದ.

ಅವತ್ತು ಹೋದದ್ದು ಒಂದು ರಜೆ, ಒಂದು ಲೈಬ್ರರಿ ಕಾರ್ಡು, ಟಗರು ತಿಂದ ಒಂದು ಹಾಳೆ, ಕೊನೆಗಳು ಎರಡು: ಪುಸ್ತಕದ್ದೊಂದು, ಅವನದೊಂದು.