ಮೇಲ್ಖರ್ಚಿನ ರೊಟ್ಟಿ

"ನನ್ನ ಒಲಿಮ್ಯಾಲಿನ ರೊಟ್ಟಿ ಸರಕಾರದ ಲೆಕ್ಕದಾಗ ಬರಸ್ತೀರಿ? ನಾಚಿಕಿ ಬರಂಗಿಲ್ಲ ನಿಮಗ?"

"ಉಣ್ಣವ್ರು ನನ್ನ ಕೆಲಸದವರು. ಖರ್ಚು ನಂದು. ಬರಸಿದ್ರ ಏನ್ ತಪ್ಪು?"

"ನೀಡಿದ್ದಕ್ಕ ಲೆಕ್ಕ ಇಟ್ರ ಅದು ದಾಸೋಹ ಅಲ್ರಿ, ಖಾನಾವಳಿ. ಹಂಗೇನರ ಬರಸ್ರಿ, ನಾ ಮಣ್ಣೂರಿಗಿ ಹೊಂಟೆ."

ಮಣ್ಣೂರು ಗೌರಾಬಾಯಿಯ ತವರು. ಅವಳ ಗಂಡ, ಆಳಂದದ ಗುತ್ತಿಗೆದಾರ ಸಿದ್ದಲಿಂಗನಿಗೆ ಆ ಹೆಸರು ಕೇಳಿದರೇ ಹೊಟ್ಟೆ ಹಸಿಯುತ್ತಿತ್ತು. ಆದರೂ ಅವತ್ತು ಹಟ ಬಿಡುವಂತಿರಲಿಲ್ಲ. ನರೋಣಾದ ಚರಂಡಿ ಕೆಲಸ ಅವನ ಕೈಯಲ್ಲಿತ್ತು. ಸಿಮೆಂಟು, ಮರಳು, ಕೂಲಿಗೆ ಸರಕಾರ ಕೊಡುವುದು ಒಂದು. ಆಫೀಸು, ಕಾವಲುಗಾರ, ಓಡಾಟ ಇಂಥ ಮೇಲ್ಖರ್ಚಿಗೆಂದು ಬಿಲ್ಲಿನ ಮೇಲೆ ನೂರಕ್ಕೆ ಐದು ಸೇರಿಸಿ ಕೊಡುವುದು ಇನ್ನೊಂದು. ಈ ಐದು ಹೆಚ್ಚೋ ಕಮ್ಮಿಯೋ ಎಂದು ಕಣ್ಣಾರೆ ನೋಡಿ ಹೊಸ ದರ ಗೊತ್ತುಮಾಡಲು ಅವತ್ತೇ ಮಧ್ಯಾಹ್ನ ಕಲಬುರಗಿಯಿಂದ ಲೆಕ್ಕಾಧಿಕಾರಿ ಮನೆಗೇ ಬರುವವನಿದ್ದ. ಜೇವರ್ಗಿಯಲ್ಲಿ ಒಬ್ಬನ ಐದನ್ನು ಒಂದಕ್ಕೆ ಇಳಿಸಿ, ಅವನು ಅಳುತ್ತಿರುವಾಗಲೇ ಜೀಪು ಹತ್ತಿದ್ದನಂತೆ.

ಸಿದ್ದಲಿಂಗನ ಆಫೀಸೆಂದರೆ ಅವನ ಮೋಟಾರ್ ಸೈಕಲ್ಲು. ಪೆಟ್ರೋಲ್ ಟಾಕಿಯ ಮೇಲೆ ಕಾಗದ ಇಟ್ಟು ಸಹಿ ಮಾಡುವವನು. ನಿಜವಾದ ಮೇಲ್ಖರ್ಚು ಅಂದರೆ ಅಡುಗೆಮನೆಯದು. ಅವನ ಅವ್ವನ ಕಾಲದಿಂದಲೂ ಆ ಹೊಸ್ತಿಲು ತುಳಿದವರು ಉಣ್ಣದೆ ಹೋಗುವಂತಿಲ್ಲ. ಗೋಡೆ ಕಟ್ಟುವ ಗೌಂಡಿಗೆ ರೊಟ್ಟಿ, ಟ್ರ್ಯಾಕ್ಟರಿನವನಿಗೆ ರೊಟ್ಟಿ, ದಾರಿ ಕೇಳಲು ಬಂದವನಿಗೂ ರೊಟ್ಟಿ. ಇದು ದರದಲ್ಲಿ ಸೇರಿದರೆ ಐದು ಎಂಟಾದೀತು. ಸೇರದಿದ್ದರೆ ಒಂದೇ ಗತಿ, ಆ ಒಂದರಲ್ಲಿ ಚರಂಡಿ ಮುಗಿಯುವ ಮೊದಲು ಅವನೇ ಮುಗಿಯುತ್ತಿದ್ದ.

ಊರ ಕಂದಾಯದ ಲೆಕ್ಕ ಬರೆದು ನಿವೃತ್ತನಾದ ಎದುರುಮನೆಯ ತಲಾಠಿ ದೌಲತರಾಯ ಜಗಳ ಕೇಳಿ ಕರೆಯದೆಯೇ ಬಂದ. ಅಧಿಕಾರಿಗಳು ಕಂಡದ್ದನ್ನಷ್ಟೇ ನಂಬುತ್ತಾರೆ, ಓಣಿಯವರನ್ನೆಲ್ಲ ಕೆಲಸದವರೆಂದು ಊಟಕ್ಕೆ ಕೂಡಿಸು, ಪಂಕ್ತಿಯೇ ಸಾಕ್ಷಿ ಹೇಳುತ್ತದೆ ಎಂದು ಸಿದ್ದಲಿಂಗನ ಕಿವಿಯಲ್ಲಿ ಊದಿದ. ಕೂಡಿಸುವ ಹೊಣೆಯನ್ನೂ ತಾನೇ ಹೊತ್ತ.

ಮಧ್ಯಾಹ್ನದ ಹೊತ್ತಿಗೆ ಪಡಸಾಲೆ ಸಂತೆಯಾಗಿತ್ತು. ಚಾ ಅಂಗಡಿಯ ಚಾಂದಪಾಶಾ ಕಿವಿಗೆ ಪೆನ್ಸಿಲು ಸಿಕ್ಕಿಸಿ ಸೂಪರವೈಜರ್ ಆದ. ಟೇಲರ್ ದಶರಥ ಕೊರಳಿನ ಟೇಪು ಸಮೇತ ಇಂಜಿನಿಯರ್ ಆದ. ಇದ್ದ ಒಂದೇ ಕುರ್ಚಿಯನ್ನು ಹಿಡಿದು ದೌಲತರಾಯ ಮ್ಯಾನೇಜರ್ ಆದ. ಬಂದವರು ಸುಳ್ಳರಾದರೇನು, ಹಸಿವು ಖರೆ ಎಂದು ಗೌರಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಒಂದೊಂದು ಬಡಿತವೂ ಗಂಡನ ಬೆನ್ನಿಗೆ ಬಿದ್ದಂತೆ ಕೇಳುತ್ತಿತ್ತು.

ಅಧಿಕಾರಿ ನಂದಕಿಶೋರ ಕೊಡೆ ಹಿಡಿದು ಬಂದ. ಒಣಮೆಣಸಿನಕಾಯಿಯಂಥ ಮನುಷ್ಯ. ಬಂದವನೇ ದಶರಥನನ್ನು ಹಿಡಿದ.

"ನೀವು ಇಂಜಿನಿಯರ? ಚರಂಡಿ ಅಳತಿ ಎಷ್ಟದ?"

ದಶರಥ ಗಾಬರಿಯಲ್ಲಿ ಅಧಿಕಾರಿಯ ಸೊಂಟಕ್ಕೇ ಟೇಪು ಸುತ್ತಿದ. "ಇಪ್ಪತ್ತೆಂಟು ರಿ ಸಾಹೇಬ್ರ. ಜರಾ ಸಡಲ ಬಿಡ್ಲೇನ್ರಿ?"

ಸಿದ್ದಲಿಂಗ ಟೇಪು ಬಿಚ್ಚಲು ಓಡಿದ. ಐದು ಹೋಯಿತು, ಇನ್ನು ಒಂದೂ ಉಳಿಯುವುದಿಲ್ಲ ಎಂದುಕೊಂಡ. ಅಷ್ಟರಲ್ಲಿ ಗೌರಾಬಾಯಿ ಹೊರಗೆ ಬಂದಳು.

"ಇವರ್ಯಾರೂ ಕೆಲಸದವರಲ್ರಿ ಅಣ್ಣಾರ, ಓಣ್ಯಾಗಿನವರು. ಹಸದು ಬಂದಾರ, ಉಣ್ಣಾಕತ್ತಾರ. ನೀವೂ ಬಿಸಲಾಗ ಬಂದೀರಿ, ಕೈ ತೊಳಕೊಳ್ರಿ."

ಅವನು ಒಲ್ಲೆನೆಂದ, ನಿಯಮ ಒಪ್ಪುವುದಿಲ್ಲವೆಂದ. ಅವಳು ಕೇಳಿಸಿಕೊಳ್ಳದೆ ತಾಟು ತಂದಿಟ್ಟಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಮೇಲೊಂದು ಮುದ್ದೆ ಬೆಣ್ಣೆ. ವಾಸನೆಗೆ ಮೊದಲು ನಿಯಮ ಬಗ್ಗಿತು, ಆಮೇಲೆ ಅಧಿಕಾರಿ. ನೀಡಿದ್ದನ್ನು ಮುಗಿಸಿ ತಾನಾಗಿಯೇ ಮತ್ತೊಂದು ರೊಟ್ಟಿ ಕೇಳಿದ.

ಸಿದ್ದಲಿಂಗನಿಗೆ ಧೈರ್ಯ ಬಂತು. "ಸಾಹೇಬ್ರ, ಇದು ದಿನಾ ಇರೂದ್ರಿ. ಈ ಊಟ ದರದಾಗ ಹಿಡದು ಐದು ಇದ್ದದ್ದು ಎಂಟು ಮಾಡ್ತೀರಿಲ್ರಿ?"

ನಂದಕಿಶೋರ ಕೈ ತೊಳೆದು ತೇಗಿದ. ಆಮೇಲೆ ಮುಖ ಸಣ್ಣದು ಮಾಡಿದ.

"ಓಣಿಯವರಿಗೇ ಹಿಂಗ ನೀಡೋರು ಕೆಲಸದವರಿಗಿ ಎಷ್ಟು ನೀಡ್ತಿರಬೇಕ್ರಿ. ಎಂಟಲ್ಲ, ಹತ್ತು ಮಾಡ್ತಿದ್ದೆ. ಆದ್ರ ಗುತ್ತಿಗೆದಾರನ ಮನ್ಯಾಗ ಉಂಡವ ಅವನ ದರ ಗೊತ್ತುಮಾಡಂಗಿಲ್ಲ. ನಾ ಉಂಡುಬಿಟ್ಟೆ."

"ಮತ್ತ ಯಾರು ಮಾಡ್ತಾರ್ರಿ?"

"ಬ್ಯಾರೆ ಯಾರನ್ನರ ಕಳಸ್ತಾರ. ಅಲ್ಲಿತನಕ ಹಳೇ ಐದೇ."

ಸಿದ್ದಲಿಂಗ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ. ಹತ್ತು ಸಿಗಲಿಲ್ಲ, ನಿಜ. ಆದರೆ ಒಂದಕ್ಕೂ ಇಳಿಯಲಿಲ್ಲ. ರೊಟ್ಟಿ ಲೆಕ್ಕಕ್ಕೆ ಹೋಗಲಿಲ್ಲ, ಹೆಂಡತಿ ಮಣ್ಣೂರಿಗೆ ಹೋಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಗೌರಾಬಾಯಿಯ ದನಿ ಬಂತು. "ಯಾರನ್ನ ಕಳಸಿದ್ರೂ ಊಟದ ಹೊತ್ತಿಗಿ ಕಳಸ್ರಿ ಅಣ್ಣಾರ. ನಮ್ಮ ಮನ್ಯಾಗ ಯಾರೂ ಉಣ್ಣದ ಹೋಗಂಗಿಲ್ಲ."

ಬಂದವರೆಲ್ಲ ಉಂಡರೆ ಹತ್ತು ಮಾಡುವವರು ಯಾರು ಎಂದು ಸಿದ್ದಲಿಂಗ ತಲೆ ಹಿಡಿದು ಕುಳಿತ. ನಂದಕಿಶೋರ ಚಪ್ಪಲಿ ಮೆಟ್ಟಿ ಲಗುಬಗೆಯಿಂದ ಹೊರಬಿದ್ದ. ಅವನ ಕೊಡೆ ಪಡಸಾಲೆಯಲ್ಲೇ ಉಳಿಯಿತು. ಅದನ್ನು ಒಯ್ಯಲೂ ಅವನು ತಿರುಗಿ ಬರಲಿಲ್ಲ.