ಹೊರಬಾಗಿಲ ಸೆನ್ಸರ್ ಅವರ ದಿವ್ಯ ಸನ್ನಿಧಿಗೆ

ಗುಬ್ಬಿ
ಕಾರ್ತಿಕ ಮಾಸ, ೨೦೦೬

ಮಾನ್ಯರೇ,

ನಮ್ಮ ಹೊರಬಾಗಿಲ ಮೇಲೆ ವಿರಾಜಮಾನರಾಗಿ, ಕತ್ತಲಾದ ಮೇಲೆ ಎದುರಿಗೆ ಸುಳಿದಾಡುವ ಸಕಲ ಜೀವಿಗಳಿಗೂ ಭೇದವೆಣಿಸದೆ ಬೆಳಕು ದಯಪಾಲಿಸುತ್ತಿರುವ ಸೆನ್ಸರ್ ಮಹಾಶಯರಾದ ತಮಗೆ, ತಮ್ಮನ್ನು ತುಮಕೂರಿನ ಅಂಗಡಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಗಂಗಾಧರನ ವಂದನೆಗಳು. ಕೈ ಮಾತ್ರ ಮುಗಿಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ತಮ್ಮ ವೈರಿಂಗ್ ನನ್ನದೇ. ಮೇನ್ ಆಫ್ ಮಾಡಿ, ಏಣಿ ಹತ್ತಿ, ಬಲ್ಬಿಗೆ ಹೋಗುವ ತಂತಿಯನ್ನು ತಮ್ಮ ಮೂಲಕ ಹಾಯಿಸಿ, ಇನ್ನು ಸ್ವಿಚ್ಚಿನ ಹಂಗೇಕೆಂದು ಬಾಗಿಲ ಪಕ್ಕದ ಹಳೆಯ ಸ್ವಿಚ್ಚನ್ನೇ ಕಿತ್ತುಹಾಕಿದೆ. ಮುಸ್ಸಂಜೆ ಲೈಟು ಹತ್ತಿದೊಡನೆ ಕೈ ಮುಗಿಯುವ ನಮ್ಮ ತಾಯಿ ಹನುಮಮ್ಮನವರ ವಿಷಯ ನನ್ನ ಜಾಣತಲೆಗೆ ಹೊಳೆಯಲೇ ಇಲ್ಲ.

ಮೊದಲೆಲ್ಲ ಸ್ವಿಚ್ ಒತ್ತಿ, ಒಮ್ಮೆ ಕೈ ಮುಗಿದು ಒಳಗೆ ಹೋಗುತ್ತಿದ್ದವರು ಈಗ ಜಗುಲಿಯಲ್ಲೇ ಕೂತು, ತಾವು ಹತ್ತಿದಾಗಲೆಲ್ಲ ಕೈ ಮುಗಿಯುತ್ತಿದ್ದಾರೆ. ಬೀದಿನಾಯಿ ಬಂದರೂ ನಮಸ್ಕಾರ, ಹಾಲಿನವರ ಎಮ್ಮೆ ಬಂದರೂ ನಮಸ್ಕಾರ, ತೆಂಗಿನ ಗರಿ ತೂಗಿದರೂ ನಮಸ್ಕಾರ. ಇಷ್ಟಕ್ಕೇ ನಿಂತಿದ್ದರೆ ತಮ್ಮ ಸಮದೃಷ್ಟಿಯನ್ನು ಕೊಂಡಾಡಿ ಸುಮ್ಮನಾಗುತ್ತಿದ್ದೆ.

ಆದರೆ ತಾವು ಪಕ್ಕದ ಮನೆಯ ಚನ್ನವೀರಯ್ಯನವರಿಗೂ ಹತ್ತಿದಿರಿ. ನಮ್ಮ ಹಿತ್ತಿಲಿಗೆ ಹೋಗಲು ಇರುವ ಒಂದೇ ಓಣಿಯನ್ನು ಸ್ವಂತದ್ದೆಂದು ವರ್ಷಗಳಿಂದ ಹಠ ಹಿಡಿದಿರುವ, ನಮ್ಮೊಡನೆ ಮಾತೇ ಬಿಟ್ಟಿರುವ ಆ ಮಹನೀಯರು ಸಂಜೆ ವಾಕಿಂಗ್ ಮುಗಿಸಿ ಬರುತ್ತಲೇ ತಾವು ಝಗ್ಗನೆ ಬೆಳಗಿ, ತಾಯಿಯವರು ಅವರ ಮುಖಕ್ಕೇ ಕೈ ಮುಗಿದರೆ, ಪಾಪ, ಅವರಾದರೂ ಏನೆಂದುಕೊಳ್ಳಬೇಕು? ಮುದುಕಿ ಕೊನೆಗೂ ಸೋತಳೆಂದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಾರಿದರು. ಬೆನ್ನಿಗೇ ಗೋಡೆ ಕಟ್ಟಲು ಓಣಿಯ ಬಾಯಲ್ಲಿ ಸೈಜುಗಲ್ಲು ಇಳಿಸಿದರು.

ಮರುದಿನ ಸಂಜೆ ತಾಯಿಯವರು ಜಗುಲಿ ಬಿಟ್ಟು ಆ ಕಲ್ಲುಗಳ ಮೇಲೆ ಹೋಗಿ ಕೂತರು. ಅಲುಗಾಡದೆ ಕೂತವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ತಾವು, ಯಾವುದೋ ಕಚೇರಿಯಲ್ಲಿ ತರಬೇತಿ ಪಡೆದವರಂತೆ, ಆರಿಹೋದಿರಿ. ಅಷ್ಟರಲ್ಲಿ ಚನ್ನವೀರಯ್ಯನವರು ಬಂದರು, ತಾವು ಬೆಳಗಿದಿರಿ, ಎದುರಿಗೇ ತಾಯಿ. ಎಂದಿನಂತೆ ಕೈ ಮುಗಿದು, ಮುಗಿದ ಕೈ ಇಳಿಸಿ, ಅವರು ಹೇಳಿದ್ದು ಇಷ್ಟೇ: "ಇದು ದೀಪಕ್ಕೆ ಕಣಪ್ಪ, ನಿಂಗಲ್ಲ. ಕಲ್ಲು ಎತ್ತಿಸು." ತಮ್ಮ ಧಾರಾಳವಾದ ಬೆಳಕಿನಲ್ಲಿ ಬೀದಿಯವರೆಲ್ಲ ನಿಂತು ನೋಡಿದರು. ಬೆಳಗಾಗುತ್ತಲೇ ಕಲ್ಲು ಟ್ರಾಕ್ಟರ್ ಹತ್ತಿತು.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಇನ್ನು ಮುಂದೆ ಬೆಳಗುವ ಮುನ್ನ ಎದುರಿಗೆ ಬಂದವರ ಮನಸ್ಸಿನಲ್ಲಿ ಏನಿದೆಯೆಂದು ದಯಮಾಡಿ ಪರಿಶೀಲಿಸತಕ್ಕದ್ದು. ನಾಯಿ, ಎಮ್ಮೆಗಳ ವಿಷಯದಲ್ಲಿ ನಮ್ಮ ಅಭ್ಯಂತರವಿಲ್ಲ. ಸುಮ್ಮನೆ ಕೂತಿರುವ ಮುದುಕಿಯನ್ನೂ ಮನುಷ್ಯಳೆಂದು ಪರಿಗಣಿಸತಕ್ಕದ್ದು. ತಾಯಿಯವರಿಗೆ ಬೇರೆ ಬಲ್ಬು, ಹಳೆಯ ಸ್ವಿಚ್ಚು ಮತ್ತೆ ಹಾಕಿಕೊಟ್ಟಿದ್ದೇನೆ, ತಾವು ಮುನಿಸಿಕೊಳ್ಳಬಾರದು.

ತಮ್ಮ ವಿಶ್ವಾಸಿ,
ಸ್ಕ್ರೂಡ್ರೈವರನ್ನು ಇನ್ನೂ ಕೈಯಲ್ಲೇ ಹಿಡಿದಿರುವ
ಗಂಗಾಧರ್

ವಿ.ಸೂ.: ತಮ್ಮನ್ನು ಇವತ್ತೇ ಕಿತ್ತುಹಾಕುವವನಿದ್ದೆ. ಆದರೆ ಚನ್ನವೀರಯ್ಯನವರು ಈಗ ತಮ್ಮ ಕಣ್ಣು ತಪ್ಪಿಸಲು ಕಾಂಪೌಂಡಿನ ಮರೆಯಲ್ಲಿ ಸೊಂಟ ಬಗ್ಗಿಸಿಕೊಂಡು ಹಾಯುತ್ತಿದ್ದಾರೆ. ನಮ್ಮ ಮನೆಯ ಮುಂದೆ ಅವರು ತಲೆ ತಗ್ಗಿಸಿದ್ದು ಇದೇ ಮೊದಲು. ಈ ಕಾರಣಕ್ಕಾಗಿ ತಮ್ಮ ಸೇವಾವಧಿಯನ್ನು ವಿಸ್ತರಿಸಲಾಗಿದೆ.